ನೋಂದಣಿಗೆ ಮುಂಚಿನ ಒಂದು ವರ್ಷ



ಹಾಲು ಜ್ವರದ ಮಾತಿನಿಂದ ಶುರು ಮಾಡುತ್ತೇನೆ. ಚೆನ್ನಾಗಿ ಕರೆಯುವ ಸೀಮೆಹಸು ಕರು ಹಾಕಿದ ಒಂದೆರಡು ದಿನದಲ್ಲಿ ಮಲಗಿಬಿಡುತ್ತದೆ, ಎಬ್ಬಿಸಿದರೂ ಏಳಲಾರದು. ಕಿವಿ ತಣ್ಣಗಾಗಿರುತ್ತದೆ, ಕತ್ತು ಪಕ್ಕೆಯ ಕಡೆಗೆ ತಿರುಗಿರುತ್ತದೆ. ರಕ್ತದಲ್ಲಿರಬೇಕಾದ ಕ್ಯಾಲ್ಸಿಯಂ ಹಾಲಿನ ಜೊತೆ ಕೆಚ್ಚಲಿಗೆ ಇಳಿದುಹೋಗಿರುತ್ತದೆ. ಕತ್ತಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಬೋರೋಗ್ಲೂಕೋನೇಟ್ ಬಾಟಲಿ ಏರಿಸಿದರೆ ಅದು ಮುಗಿಯುವಷ್ಟರಲ್ಲಿ ಹಸು ತೇಗುತ್ತದೆ, ಸಗಣಿ ಹಾಕುತ್ತದೆ, ಎಷ್ಟೋ ಸಲ ತಾನಾಗಿಯೇ ಎದ್ದು ನಿಲ್ಲುತ್ತದೆ. ಮನೆಯವರು ಕೈಮುಗಿಯುತ್ತಾರೆ. ಅದೇ ಬಾಟಲಿಯನ್ನು ಆತುರಪಟ್ಟು ಏರಿಸಿದರೆ ಹೃದಯ ನಿಂತು ಹಸು ಅಲ್ಲೇ ಸಾಯುತ್ತದೆ.

ಬಾಟಲಿಯೂ ಸೂಜಿಯೂ ಎರಡು ಸಲವೂ ಒಂದೇ. ವ್ಯತ್ಯಾಸವಿರುವುದು ಹಸುವಿನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಹೃದಯದ ಬಡಿತ ಏರುಪೇರಾದ ಕ್ಷಣವನ್ನು ಗುರುತಿಸಿ, ಇನ್ನೊಂದು ಕೈಯಲ್ಲಿ ಬಾಟಲಿಯನ್ನು ತಗ್ಗಿಸುವ ಮನುಷ್ಯನಲ್ಲಿ. ಆ ಮನುಷ್ಯನನ್ನು ಯಾರು ತಯಾರು ಮಾಡುತ್ತಾರೆ? ತಯಾರಾಗಿದ್ದಾನೆ ಎಂದು ಯಾರು ಸಹಿ ಹಾಕುತ್ತಾರೆ? ಇವತ್ತು ನಾನು ಮಾತಾಡಬೇಕೆಂದಿರುವುದು ಇಷ್ಟೇ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ನಮ್ಮ ಸಂವಿಧಾನದಲ್ಲಿ ಪಶುವೈದ್ಯಕೀಯ ತರಬೇತಿ ಮತ್ತು ವೃತ್ತಿ ರಾಜ್ಯಪಟ್ಟಿಯ 15ನೆಯ ನಮೂದಿನಲ್ಲಿದೆ. ಅಂದರೆ ಇದರ ಬಗ್ಗೆ ಕಾನೂನು ಮಾಡಬೇಕಾದವರು ರಾಜ್ಯಗಳೇ. ಆದ್ದರಿಂದಲೇ ದೇಶಕ್ಕೆಲ್ಲ ಒಂದು ಕಾಯ್ದೆ ಬರಲು ಸ್ವಾತಂತ್ರ್ಯ ಬಂದ ಮೇಲೂ ಮೂವತ್ತೇಳು ವರ್ಷ ಹಿಡಿಯಿತು. ಹರಿಯಾಣ, ಬಿಹಾರ, ಒರಿಸ್ಸಾ, ಹಿಮಾಚಲ ಪ್ರದೇಶ, ರಾಜಸ್ಥಾನ ಈ ಐದು ರಾಜ್ಯಗಳ ವಿಧಾನಮಂಡಲಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆ, 252ನೆಯ ವಿಧಿಯ ದಾರಿಯಲ್ಲಿ ಸಂಸತ್ತು 1984ರಲ್ಲಿ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯನ್ನು ಮಾಡಿತು. ಕೇಂದ್ರ ಪರಿಷತ್ತು 1989ರಲ್ಲಿ ರಚನೆಯಾಯಿತು. ಮಿಕ್ಕ ರಾಜ್ಯಗಳು ಕಾಯ್ದೆಯನ್ನು ಒಪ್ಪಿಕೊಳ್ಳುತ್ತಾ ಬಂದವು. ನಮ್ಮಲ್ಲೂ ರಾಜ್ಯ ಪರಿಷತ್ತಿದೆ, ಅಲ್ಲಿ ಹೆಸರು ನೋಂದಾಯಿಸಿಕೊಂಡವರೇ ಕಾನೂನಿನ ಕಣ್ಣಿಗೆ ಪಶುವೈದ್ಯರು.

ಆ ಕಾಯ್ದೆಯ 30ನೆಯ ಸೆಕ್ಷನ್ನನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ನೋಂದಣಿಯಾದವರಿಗೆ ಅದು ಕೊಡುವ ಹಕ್ಕುಗಳನ್ನು ನೋಡಿ: ಸರ್ಕಾರದಲ್ಲಿ ಪಶುವೈದ್ಯರ ಹುದ್ದೆ ಹಿಡಿಯುವುದು, ಚಿಕಿತ್ಸೆ ಮಾಡುವುದು, ಪ್ರಾಣಿಯ ಆರೋಗ್ಯದ ಪ್ರಮಾಣಪತ್ರಕ್ಕೆ ಸಹಿ ಹಾಕುವುದು, ನ್ಯಾಯಾಲಯದಲ್ಲಿ ತಜ್ಞ ಸಾಕ್ಷಿ ಹೇಳುವುದು. ವಿಮೆ ಮಾಡಿಸಿದ ಎಮ್ಮೆ ಸತ್ತರೆ ಶವಪರೀಕ್ಷೆಯ ವರದಿ ಬರೆಯುವ ಕೈ ಇದು. ವಿಷ ಹಾಕಿ ಕೊಂದರೆಂದು ಪೊಲೀಸು ಕೇಸಾದಾಗ ಕಟಕಟೆಯಲ್ಲಿ ನಿಂತು ಉತ್ತರ ಹೇಳುವ ಬಾಯಿ ಇದು. ಇಷ್ಟೆಲ್ಲ ಅಧಿಕಾರ ಇಪ್ಪತ್ತಮೂರು, ಇಪ್ಪತ್ತನಾಲ್ಕು ವಯಸ್ಸಿನ ಮಕ್ಕಳ ಕೈಗೆ ಬರುತ್ತದೆ.

ಅದು ಬರುವ ದಾರಿ ಇದು. ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಪದವಿಗೆ ಐದೂವರೆ ವರ್ಷ. 2016ರ ಕನಿಷ್ಠ ಗುಣಮಟ್ಟದ ನಿಯಮಗಳ ಪ್ರಕಾರ ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಇಂಟರ್ನ್‌ಶಿಪ್ಪಿಗೆ ಮುಂಚೆ ತಾತ್ಕಾಲಿಕ ನೋಂದಣಿ. ಇಂಟರ್ನ್‌ಶಿಪ್ ಮುಗಿದು ಪದವಿ ಕೈಗೆ ಬಂದಮೇಲೆ ಪೂರ್ಣ ನೋಂದಣಿ. ಗಮನಿಸಬೇಕಾದ ಸಂಗತಿ ಏನೆಂದರೆ ಪದವಿಗೂ ನೋಂದಣಿಗೂ ನಡುವೆ ದೇಶಕ್ಕೆಲ್ಲ ಸಮನಾದ ಬೇರೊಂದು ಪರೀಕ್ಷೆ ಇಲ್ಲ. ನಮ್ಮಲ್ಲಿ ಪದವಿಯೇ ಪರವಾನಗಿ. ಹಾಗಾಗಿ ಇಂಟರ್ನ್‌ಶಿಪ್ಪಿನ ದಿನಚರಿ ಪುಸ್ತಕದಲ್ಲಿ ಮೇಲ್ವಿಚಾರಕರು ಹಾಕುವ ಸಹಿಗೆ ಅದು ತೋರುವುದಕ್ಕಿಂತ ಬಹಳ ಹೆಚ್ಚು ತೂಕವಿದೆ. ನಿಜವಾದ ಬಾಗಿಲು ಆ ಸಹಿ. ಕಾಲೇಜಿನಲ್ಲಿ ಪಾಠ ಹೇಳಿದ ಅಷ್ಟೂ ವರ್ಷ ಆ ಬಾಗಿಲಲ್ಲಿ ನಿಂತವನಾಗಿ ಇವತ್ತು ಹೇಳುತ್ತಿದ್ದೇನೆ: ಅದನ್ನು ನಾವು ಸರಿಯಾಗಿ ಕಾಯುತ್ತಿಲ್ಲ.

ಈ ತರಬೇತಿ ಎಲ್ಲಿಂದ ಬಂತೆಂದು ಸ್ವಲ್ಪ ಹಿಂದಿರುಗಿ ನೋಡೋಣ. ಪಶುವೈದ್ಯರಿಗೆ ಕ್ರಮಬದ್ಧ ಶಾಲೆ ಎಂಬುದು ಹುಟ್ಟಿದ್ದೇ ದೊಡ್ಡರೋಗ ಎಂಬ ದನಗಳ ಪಿಡುಗಿನ ಕಾಟದಿಂದ. ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ದನಗಳು ಆ ರೋಗಕ್ಕೆ ಸಾಲುಸಾಲಾಗಿ ಸತ್ತಾಗ ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಲೋದ್ ಬೂರ್ಜೆಲಾ ಎಂಬಾತನಿಗೆ 1761ರಲ್ಲಿ ಶಾಲೆ ತೆರೆಯಲು ರಾಜಾಜ್ಞೆ ದೊರೆಯಿತು. ಆ ಶಾಲೆಯಲ್ಲಿ ಕಲಿತ ಇಂಗ್ಲೆಂಡಿನವ ವಿಲಿಯಂ ಮೂರ್‌ಕ್ರಾಫ್ಟ್ 1808ರಲ್ಲಿ ಬಿಹಾರದ ಪೂಸಾಕ್ಕೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಕುದುರೆ ತಳಿಕೇಂದ್ರ ನೋಡಿಕೊಂಡ. ಕಂಪನಿಗೆ ಬೇಕಾಗಿದ್ದದ್ದು ಸೈನ್ಯದ ಕುದುರೆ. ರೈತನ ಎತ್ತಿನ ಯೋಚನೆ ಬಂದದ್ದು ಬಹಳ ತಡವಾಗಿ. ದನಗಳ ಪಿಡುಗುಗಳ ಬಗ್ಗೆ ಸರ್ಕಾರ ನೇಮಿಸಿದ ಆಯೋಗ ವರದಿ ಕೊಟ್ಟದ್ದು 1871ರಲ್ಲಿ. ಆಮೇಲೆ ಲಾಹೋರು, ಮುಂಬಯಿ, ಕಲ್ಕತ್ತಾಗಳಲ್ಲಿ ಕಾಲೇಜುಗಳಾದವು. ಮದರಾಸಿನ ಕಾಲೇಜು 1903ರದು. ಮೈಸೂರು ಸೀಮೆಯ ಹುಡುಗರು ಪಶುವೈದ್ಯ ಓದಬೇಕಾದರೆ ಮದರಾಸಿಗೋ ಮುಂಬಯಿಗೋ ಹೋಗಬೇಕಿತ್ತು. ಹೆಬ್ಬಾಳದಲ್ಲಿ 1925ರಲ್ಲೇ ದೊಡ್ಡರೋಗಕ್ಕೆ ಸೀರಂ ತಯಾರಿಸುವ ಸಂಸ್ಥೆ ಬಂದಿದ್ದರೂ ಕಾಲೇಜು ಬಂದದ್ದು 1958ರಲ್ಲಿ. ಬೀದರಿನಲ್ಲಿ ಪಶು ವಿಶ್ವವಿದ್ಯಾಲಯ ಆದಮೇಲೆ ಶಿವಮೊಗ್ಗ, ಹಾಸನಗಳಲ್ಲೂ ಕಾಲೇಜುಗಳಾದವು.

ಆ ದೊಡ್ಡರೋಗ ಇವತ್ತು ಭೂಮಿಯ ಮೇಲಿಲ್ಲ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. ಜಗತ್ತೇ ಮುಕ್ತವಾಯಿತೆಂದು 2011ರಲ್ಲಿ ಘೋಷಣೆಯಾಯಿತು. ಮನುಷ್ಯರ ಸಿಡುಬಿನ ನಂತರ ನಿರ್ಮೂಲವಾದ ಎರಡನೆಯ ರೋಗ ಅದು. ಐಸ್ ಡಬ್ಬಿ ಹೊತ್ತು ಹಳ್ಳಿಹಳ್ಳಿ ತಿರುಗಿ ಲಸಿಕೆ ಹಾಕಿದವರ ಹೆಸರನ್ನು ಯಾವ ಪುಸ್ತಕವೂ ಬರೆದಿಟ್ಟಿಲ್ಲ. ಅವರಲ್ಲಿ ಕೆಲವರು ಈ ಸಭೆಯಲ್ಲಿದ್ದಾರೆ ಎಂಬುದು ನನಗೆ ಗೊತ್ತು. ಅವರಿಗೆ ಇಲ್ಲಿಂದಲೇ ನಮಸ್ಕಾರ.

ಇನ್ನು ಪಾಠದ ವಿಷಯ. ಮನುಷ್ಯರ ವೈದ್ಯರು ಒಂದೇ ಜೀವಿಯ ಬಗ್ಗೆ ಕಲಿಯುತ್ತಾರೆ. ನಮ್ಮ ಮಕ್ಕಳು ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಕುದುರೆ, ನಾಯಿ, ಬೆಕ್ಕು, ಕೋಳಿ ಎಲ್ಲವನ್ನೂ ಕಲಿಯಬೇಕು, ಸಕ್ರೆಬೈಲಿನಂಥ ಬಿಡಾರದ ಆನೆಗಳ ಬಗ್ಗೆಯೂ ಒಂದಿಷ್ಟು ತಿಳಿದಿರಬೇಕು. ಒಂದಕ್ಕೆ ಗೊತ್ತಿರುವುದನ್ನು ಇನ್ನೊಂದಕ್ಕೆ ದಾಟಿಸಿದರೆ ಪ್ರಾಣ ಹೋಗುತ್ತದೆ. ಕುದುರೆಗೆ ಮಂಪರು ಬರಿಸಲು ಕೊಡುವ ಜೈಲಜಿನ್ ಔಷಧಿಯ ಹತ್ತನೆಯ ಒಂದು ಪಾಲು ಹಸುವಿಗೆ ಸಾಕು. ಮನೆಯಲ್ಲಿ ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಸಾಲದು. ಹಸುವಿಗೆಂದು ತಂದ ಖನಿಜ ಮಿಶ್ರಣವನ್ನು ಕುರಿಗೆ ದಿನವೂ ತಿನ್ನಿಸಿದರೆ ಅದರೊಳಗಿನ ತಾಮ್ರ ಸೇರುತ್ತಾ ಹೋಗಿ ಒಂದು ದಿನ ಕುರಿ ಕೆಂಪು ಉಚ್ಚೆ ಹೊಯ್ದು ಸಾಯುತ್ತದೆ. ಕುದುರೆ ವಾಂತಿ ಮಾಡಲಾರದು, ಹೊಟ್ಟೆ ಉಬ್ಬಿದರೆ ಒಡೆದೇ ಹೋಗಬಹುದು. ಇವೆಲ್ಲ ಪರೀಕ್ಷೆಗೆ ಉರು ಹೊಡೆಯುವ ಮಾತುಗಳಾಗಿ ಉಳಿಯಬಾರದು.

ಕೆಲವು ಕಲಿಕೆ ಮಾತ್ರ ಪುಸ್ತಕದಲ್ಲಿ ಸಿಗುವುದೇ ಇಲ್ಲ. ಹೆರಿಗೆಯನ್ನೇ ತೆಗೆದುಕೊಳ್ಳಿ. ಕಡಸು ಸಂಜೆಯಿಂದ ಮುಕ್ಕುತ್ತಿದೆ, ಒಂದು ಕಾಲು ಮಾತ್ರ ಕಂಡಿದೆ. ಪಶುವೈದ್ಯರ ಕೈ ಭುಜದವರೆಗೂ ಒಳಗಿದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಸಿಕ್ಕಿದ್ದು ಮುಂಗಾಲೋ ಹಿಂಗಾಲೋ? ಗೊರಸಿನ ಮೇಲಿನ ಎರಡು ಕೀಲುಗಳು ಒಂದೇ ಕಡೆಗೆ ಮಡಚಿದರೆ ಮುಂಗಾಲು, ಎದುರುಬದುರಾಗಿ ಮಡಚಿದರೆ ಹಿಂಗಾಲು. ಇಷ್ಟನ್ನು ಓದಿ ತಿಳಿಯಬಹುದು. ಆದರೆ ಗರ್ಭಕೋಶ ಬಿಗಿದು ಕೈಯನ್ನು ಜಜ್ಜುವಾಗ, ಬೆರಳು ಜೋಮುಗಟ್ಟಿರುವಾಗ, ಲೋಳೆಯೊಳಗೆ ಜಾರುವ ಕಾಲಿನಲ್ಲಿ ಆ ಮಡಿಕೆಯನ್ನು ಗುರುತಿಸುವುದು ಬೇರೆ ವಿದ್ಯೆ. ಕರುವಿನ ತಲೆ ಹಿಂದಕ್ಕೆ ಹೊರಳಿದ್ದರೆ ಎಳೆಯಬಾರದು. ಮೊದಲು ಕರುವನ್ನು ಒಳಕ್ಕೆ ತಳ್ಳಿ ಜಾಗ ಮಾಡಿಕೊಂಡು, ದವಡೆಗೆ ಬೆರಳು ಸಿಕ್ಕಿಸಿ ತಲೆಯನ್ನು ದಾರಿಗೆ ತರಬೇಕು. ಹೊರಗೆ ಹಗ್ಗ ಹಿಡಿದು ನಿಂತ ನಾಲ್ಕು ಜನ "ಎಳೀಲಾ ಸಾರ್?" ಎಂದು ಕೇಳುತ್ತಲೇ ಇರುತ್ತಾರೆ. "ಬೇಡ, ತಡೀರಿ" ಎಂದು ಗಟ್ಟಿಯಾಗಿ ಹೇಳುವ ಧೈರ್ಯವೂ ಈ ವಿದ್ಯೆಯಲ್ಲೇ ಸೇರಿದೆ.

ದಿನಚರಿ ಪುಸ್ತಕದ ಎಲ್ಲ ಪುಟ ತುಂಬಿಸಿ, ಎಲ್ಲ ಸಹಿಯನ್ನೂ ಪಡೆದು ಬಂದ ಹುಡುಗನೊಬ್ಬನನ್ನು ನಾನು ಮಾತಾಡಿಸಿದೆ. ಹೆರಿಗೆ ಮಾಡಿಸಿದ್ದೀಯೇನಪ್ಪ ಎಂದೆ. "ನೋಡಿದೀನಿ ಸಾರ್" ಎಂದ. ಅವನದೇನೂ ತಪ್ಪಿಲ್ಲ. ಅವನಿದ್ದ ಆಸ್ಪತ್ರೆಗೆ ಬರುತ್ತಿದ್ದವು ಹೆಚ್ಚಾಗಿ ನಾಯಿಗಳು. ಹಳ್ಳಿಯ ಹೆರಿಗೆ ಕರೆ ಬಂದ ರಾತ್ರಿ ಜೀಪಿನಲ್ಲಿ ಜಾಗ ಇಬ್ಬರಿಗೆ, ಇಂಟರ್ನ್‌ಗಳು ಎಂಟು ಜನ. ಹೆಬ್ಬಾಳದ ಕಾಲೇಜು ಶುರುವಾದಾಗ ಸುತ್ತ ಹೊಲ, ಕೆರೆ, ದನ ಇದ್ದವು. ಈಗ ಅದರ ನಾಲ್ಕೂ ಕಡೆ ನಗರವಿದೆ. ನಾಯಿ ಬೆಕ್ಕುಗಳ ಚಿಕಿತ್ಸೆಯನ್ನು ನಾನು ಕಡಿಮೆ ಎನ್ನುವುದಿಲ್ಲ, ಅದು ಗೌರವದ ವೃತ್ತಿ. ಆದರೆ 2019ರ ಜಾನುವಾರು ಗಣತಿಯಂತೆ ಈ ದೇಶದಲ್ಲಿ 53 ಕೋಟಿಗೂ ಹೆಚ್ಚು ಜಾನುವಾರುಗಳಿವೆ. ಐದು ಸಾವಿರ ದನಗಳಿಗೆ ಒಬ್ಬ ಪಶುವೈದ್ಯರಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. ಪದವಿ ಪಡೆದವರ ಕೈ ಹಸುವಿನ ಹತ್ತಿರ ಹೋಗಲು ಹಿಂಜರಿದರೆ ಆ ಲೆಕ್ಕ ಕಾಗದದಲ್ಲಷ್ಟೇ ತುಂಬುತ್ತದೆ.

ತರಗತಿಗಳಲ್ಲಿ ಈಗ ಹೆಣ್ಣುಮಕ್ಕಳು ಬಹಳ ಇದ್ದಾರೆ. ಅವರು ದನದ ಕೆಲಸ ಮಾಡಲಾರರು ಎನ್ನುವ ಮಾತನ್ನು ಕೇಳಿ ಕೇಳಿ ನನಗೆ ಬೇಸರವಾಗಿದೆ. ಕುರಿ ಮೇಕೆಗಳ ಕಷ್ಟದ ಹೆರಿಗೆಯಲ್ಲಿ ಸಣ್ಣ ಕೈಯೇ ವರ. ಹಸುವನ್ನು ಟ್ರೆವಿಸ್ ಎಂಬ ಚೌಕಟ್ಟಿನೊಳಗೆ ನಿಲ್ಲಿಸಿ, ಬಾಲದ ಬುಡಕ್ಕೆ ಅರಿವಳಿಕೆ ಕೊಟ್ಟು ಕೆಲಸ ಮಾಡುವವರಿಗೆ ತೋಳ್ಬಲಕ್ಕಿಂತ ಕ್ರಮ ಮುಖ್ಯ. ಅವರನ್ನು ತಡೆಯುತ್ತಿರುವುದು ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಶೌಚಾಲಯವಿಲ್ಲದಿರುವುದು, ರಾತ್ರಿ ಉಳಿಯಲು ಬೀಗ ಹಾಕುವ ಒಂದು ಕೋಣೆಯಿಲ್ಲದಿರುವುದು.

ಯಾವುದನ್ನು ಮುಟ್ಟಬಾರದು ಎಂಬುದನ್ನೂ ಇಂಟರ್ನ್‌ಶಿಪ್ಪಿನ ಈ ವರ್ಷದಲ್ಲೇ ಕಲಿಯಬೇಕು. ನೆರಡಿ ರೋಗದಿಂದ ದನ ದಿಢೀರನೆ ಸತ್ತಿರುತ್ತದೆ. ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿರುತ್ತದೆ. ಅಂಥ ಶವವನ್ನು ಕೊಯ್ಯಬಾರದು. ಗಾಳಿ ಸೋಕಿದರೆ ರೋಗಾಣುಗಳು ಬೀಜಕಣಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಕಿವಿಯ ರಕ್ತನಾಳದಿಂದ ಒಂದು ಹನಿ ಗಾಜಿಗೆ ಸವರಿಕೊಂಡು, ಶವವನ್ನು ಆಳವಾಗಿ ಹೂಳಿಸಬೇಕು. ಇನ್ನೊಂದು ಉದಾಹರಣೆ: ಹಸು ಜೊಲ್ಲು ಸುರಿಸುತ್ತಿದೆ, ನೀರು ಕುಡಿಯುತ್ತಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರು ಬಾಯಿಗೆ ಕೈ ಹಾಕಿ ತಡಕುತ್ತಾರೆ. ಅದು ಹುಚ್ಚುನಾಯಿ ಕಚ್ಚಿದ ಹಸುವಾಗಿರಬಹುದು. ತರಬೇತಾದ ಪಶುವೈದ್ಯರು ಮೊದಲು ಕೈಗವಸು ಕೇಳುತ್ತಾರೆ, ಆಮೇಲೆ ಯಾರ‍್ಯಾರು ಬಾಯಿಗೆ ಕೈ ಹಾಕಿದ್ದೀರಿ ಎಂದು ಕೇಳಿ ಅವರನ್ನು ಅದೇ ದಿನ ಚುಚ್ಚುಮದ್ದಿಗೆ ಕಳಿಸುತ್ತಾರೆ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆದು ಬ್ರುಸೆಲ್ಲಾ ಜ್ವರ ಹಿಡಿಸಿಕೊಂಡು, ವರ್ಷಗಟ್ಟಲೆ ಕೀಲುನೋವು ಅನುಭವಿಸಿದ ಸಹೋದ್ಯೋಗಿಗಳು ನಮ್ಮ ವೃತ್ತಿಯಲ್ಲಿ ಉಂಟು.

ಔಷಧಿ ಬರೆದುಕೊಡುವ ಅಧಿಕಾರ ಕೊಟ್ಟಿಗೆಯಾಚೆಗೂ ಚಾಚುತ್ತದೆ ಎಂಬುದಕ್ಕೆ ರಣಹದ್ದುಗಳ ಕತೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದನಗಳ ನೋವು, ಬಾವಿಗೆ ಡೈಕ್ಲೋಫೆನಾಕ್ ಚುಚ್ಚುತ್ತಿದ್ದೆವು. ಅಗ್ಗ, ಬೇಗ ಕೆಲಸ ಮಾಡುತ್ತಿತ್ತು. ಚುಚ್ಚಿಸಿಕೊಂಡ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವೂ ಸತ್ತವು. ಮೂರು ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕೂ ಮೀರಿ ನಾಶವಾದ ಮೇಲೆ 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧವಾಯಿತು. ಆದರೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುವುದು ನಿಲ್ಲಲಿಲ್ಲ. 2015ರಲ್ಲಿ ಆ ಸೀಸೆಯನ್ನು ಮೂರು ಮಿಲಿಲೀಟರಿನ ಒಂದು ಡೋಸಿಗೆ ಇಳಿಸಬೇಕಾಯಿತು. ಡೈಕ್ಲೋಫೆನಾಕಿನ ಬದಲಿಗೆ ಮೆಲಾಕ್ಸಿಕಾಂ ಎಂಬ ಸುರಕ್ಷಿತ ಔಷಧಿ ಸಿಗುತ್ತಿತ್ತು. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಕೊಟ್ಟ ಮೇಲೆ ಇಷ್ಟು ದಿನ ಹಾಲನ್ನು ಡೇರಿಗೆ ಹಾಕಬೇಡಿ ಎಂದು ಹೇಳುವುದೂ ಇದೇ ಅಧಿಕಾರದ ಭಾಗ. ರೈತನಿಗೆ ಅದರಿಂದ ನಷ್ಟ. ಹೇಳದೆ ಬಂದರೆ ಆ ಹಾಲು ಯಾವುದೋ ಮಗುವಿನ ಲೋಟಕ್ಕೆ ಸೇರುತ್ತದೆ.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಹಳ್ಳಿಯಲ್ಲಿ ನಡುರಾತ್ರಿ ಹಸುವಿಗೆ ಹೊಟ್ಟೆ ಉಬ್ಬರ ಬಂದರೆ ಮೊದಲು ಓಡಿಬರುವುದು ಪದವೀಧರ ವೈದ್ಯರಲ್ಲ. ಪಶುವೈದ್ಯ ಪರೀಕ್ಷಕರು, ಕೃತಕ ಗರ್ಭಧಾರಣೆ ಮಾಡುವ ಹುಡುಗರು, ಎಲ್ಲೋ ಕೆಲವು ಕಡೆ ಪಶುಸಖಿಯರು. ಕಾನೂನು ಇವರನ್ನು ಮರೆತಿಲ್ಲ. ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಇಂಥ ಸಣ್ಣ ಸೇವೆಗಳನ್ನು ಮಾಡಲು ಡಿಪ್ಲೊಮಾ ಅಥವಾ ಸರ್ಟಿಫಿಕೇಟು ಇರುವವರಿಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದೆಂದು ಅದೇ 30ನೆಯ ಸೆಕ್ಷನ್ ಹೇಳುತ್ತದೆ. ನಮ್ಮ ವೃತ್ತಿಯ ಅನೇಕರು ಇವರನ್ನೆಲ್ಲ ನಕಲಿ ವೈದ್ಯರ ಜೊತೆ ಸೇರಿಸಿ ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಕಾಯ್ದೆಯಲ್ಲಿರುವ ಮೇಲ್ವಿಚಾರಣೆ ಎಂಬುದನ್ನು ನಾವು ನಡೆಸಿಕೊಟ್ಟಿದ್ದರೆ, ಕ್ಯಾಲ್ಸಿಯಂ ಏರಿಸುವ ಮುಂಚೆ ಅವರು ನಮಗೊಂದು ಫೋನು ಮಾಡುತ್ತಿದ್ದರು. ಹಳ್ಳಿಗೆ ಹೋಗಲು ಒಪ್ಪದವರಿಗೆ ಹಳ್ಳಿಯಲ್ಲಿ ಇರುವವರನ್ನು ದೂರುವ ಹಕ್ಕು ಕಡಿಮೆ. ಹಾಗೆಂದು ಹೊಟ್ಟೆ ಕೊಯ್ಯುವುದು, ಅರಿವಳಿಕೆ, ಆಂಟಿಬಯಾಟಿಕ್ ಆಯ್ಕೆ ಇವನ್ನು ಬಿಟ್ಟುಕೊಡಬೇಕೆಂದೂ ನಾನು ಹೇಳುತ್ತಿಲ್ಲ. ಈಗ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಅದರಲ್ಲಿ ವೈದ್ಯರ ಜೊತೆ ಇಂಟರ್ನ್ ಒಬ್ಬರಿಗೆ ಕಾಯಂ ಸೀಟು ಇರಬೇಕೆಂಬುದು ನನ್ನ ಬಹುದಿನದ ಕೋರಿಕೆ.

ಬೇರೆ ದೇಶಗಳು ಏನು ಮಾಡುತ್ತವೆ? ಇಲ್ಲಿ ಓದಿ ಅಮೆರಿಕದಲ್ಲಿ ವೃತ್ತಿ ಮಾಡಲು ಹೋಗುವ ನಮ್ಮ ಮಕ್ಕಳನ್ನು ಕೇಳಿದರೆ ತಿಳಿಯುತ್ತದೆ. ಅವರ ಪದವಿಯನ್ನು ಅಲ್ಲಿ ನೇರವಾಗಿ ಒಪ್ಪುವುದಿಲ್ಲ. ವಿದೇಶಿ ಪದವೀಧರರಿಗಾಗಿ ಇರುವ ದಾರಿಯಲ್ಲಿ ಇಂಗ್ಲಿಷ್ ಪರೀಕ್ಷೆ, ಮೂಲ ವಿಜ್ಞಾನದ ಪರೀಕ್ಷೆ, ಕೊನೆಗೆ ಹಲವು ದಿನ ನಡೆಯುವ ಕೈಕೆಲಸದ ಪರೀಕ್ಷೆ. ಅರಿವಳಿಕೆ, ಶಸ್ತ್ರಚಿಕಿತ್ಸೆ, ಶವಪರೀಕ್ಷೆ, ಎಕ್ಸ್‌ರೇ, ಕುದುರೆ, ದನ, ನಾಯಿ ಬೆಕ್ಕು ಎಂದು ಏಳು ವಿಭಾಗಗಳಲ್ಲಿ ಪರೀಕ್ಷಕರ ಮುಂದೆ ಮಾಡಿ ತೋರಿಸಬೇಕು. ಇದಲ್ಲದೆ ಅಲ್ಲಿ ಓದಿದವರಿಗೂ ಇರುವ 360 ಪ್ರಶ್ನೆಗಳ ಪರವಾನಗಿ ಪರೀಕ್ಷೆ. ಖರ್ಚು ವಿಪರೀತ, ವರ್ಷಗಳೇ ಹಿಡಿಯುತ್ತವೆ. ಅದನ್ನು ಇಲ್ಲಿಗೆ ಎತ್ತಿ ತಂದು ಕೂರಿಸಬೇಕೆಂಬ ಆಸೆ ನನಗಿಲ್ಲ. ಬಹು ಆಯ್ಕೆಯ ಇನ್ನೊಂದು ಪರೀಕ್ಷೆ ಬಂದರೆ ಇಂಟರ್ನ್‌ಶಿಪ್ಪಿನ ವರ್ಷವನ್ನೇ ಕೋಚಿಂಗ್ ತಿಂದುಹಾಕುತ್ತದೆ. ಕೊಟ್ಟಿಗೆಗೆ ಹೋಗಬೇಕಾದವರು ಕೋಣೆಯಲ್ಲಿ ಕೂತು ಗೈಡು ಓದುತ್ತಾರೆ. ಆದರೆ ಮಾಡಿ ತೋರಿಸು ಎನ್ನುವ ಆ ಭಾಗ ಸರಿಯಾಗಿದೆ.

ಆದ್ದರಿಂದ ನಾನು ಕೇಳುತ್ತಿರುವುದು ಇದು. ಇಂಟರ್ನ್‌ಶಿಪ್ಪಿನ ಕನಿಷ್ಠ ಮೂರು ತಿಂಗಳನ್ನು ಪ್ರತಿ ವಿದ್ಯಾರ್ಥಿಯೂ ಒಂದೇ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ, ಅಲ್ಲೇ ಉಳಿದು ಕಳೆಯಲಿ. ಉಳಿಯುವ ಕೋಣೆಯನ್ನು ಇಲಾಖೆ ಕೊಡಲಿ. ದಿನಚರಿಯಲ್ಲಿ "ನೋಡಿದ್ದು", "ಸಹಾಯ ಮಾಡಿದ್ದು", "ತಾನೇ ಮಾಡಿದ್ದು" ಎಂದು ಮೂರು ಅಂಕಣಗಳಿರಲಿ; ಮೂರನೆಯದು ಖಾಲಿಯಿದ್ದರೆ ಸಹಿ ಬೀಳಬಾರದು. ಗಬ್ಬ ಪರೀಕ್ಷೆ, ಕಷ್ಟದ ಹೆರಿಗೆ, ರಕ್ತನಾಳಕ್ಕೆ ಕ್ಯಾಲ್ಸಿಯಂ, ಒಂದು ಪೂರ್ಣ ಶವಪರೀಕ್ಷೆ ಮತ್ತು ಅದರ ವರದಿ, ಒಂದು ಹಳ್ಳಿಯ ಲಸಿಕೆ ಕಾರ್ಯಕ್ರಮ ಇಷ್ಟಾದರೂ ಆ ಅಂಕಣದಲ್ಲಿರಬೇಕು. ಪೂರ್ಣ ನೋಂದಣಿಗೆ ಮುಂಚೆ ಒಂದು ದಿನ, ಬೇರೆ ಕಾಲೇಜಿನ ಅಧ್ಯಾಪಕರೊಬ್ಬರು ಮತ್ತು ಹಳ್ಳಿಯಲ್ಲಿ ಕೆಲಸ ಮಾಡುವ ವೈದ್ಯರೊಬ್ಬರು ಆಸ್ಪತ್ರೆಯ ಅಂಗಳದಲ್ಲೇ ನಿಂತು ವಿದ್ಯಾರ್ಥಿ ಕೆಲಸ ಮಾಡುವುದನ್ನು ನೋಡಲಿ. ಸಾಲದಿದ್ದವರನ್ನು ಅನುತ್ತೀರ್ಣ ಎನ್ನಬೇಕಿಲ್ಲ. ಇನ್ನೆರಡು ತಿಂಗಳು ಅದೇ ಆಸ್ಪತ್ರೆಯಲ್ಲಿ, ಅದೇ ಶಿಷ್ಯವೇತನದಲ್ಲಿ ಕಲಿಯಲು ಬಿಟ್ಟರಾಯಿತು.

ಇದಕ್ಕೆ ದುಡ್ಡು ಬೇಕು, ಜೀಪು ಬೇಕು, ಖಾಲಿ ಹುದ್ದೆಗಳು ತುಂಬಬೇಕು. ಕಲಿಸುವ ವೈದ್ಯರೇ ಇಲ್ಲದ ಆಸ್ಪತ್ರೆಗೆ ಕಲಿಯುವವರನ್ನು ಕಳಿಸಿ ಪ್ರಯೋಜನವಿಲ್ಲ ಎಂಬ ಆಕ್ಷೇಪವನ್ನು ಮಿತ್ರರು ಈಗಾಗಲೇ ಎತ್ತಿದ್ದಾರೆ. ಅದು ನ್ಯಾಯವಾದ ಆಕ್ಷೇಪ. ಹಾಗಾಗಿ ಮೊದಲಿಗೆ ಪ್ರತಿ ಜಿಲ್ಲೆಯಲ್ಲಿ ಕೆಲಸ ಹೆಚ್ಚಿರುವ, ಅನುಭವಿ ವೈದ್ಯರಿರುವ ಎರಡು ಆಸ್ಪತ್ರೆಗಳನ್ನು ಮಾತ್ರ ಆರಿಸಿ, ಅಲ್ಲಿನ ವೈದ್ಯರಿಗೆ ಬೋಧಕರೆಂಬ ಮಾನ್ಯತೆಯನ್ನೂ ಗೌರವಧನವನ್ನೂ ಕೊಡಬೇಕೆಂದು ಸೂಚಿಸಿದ್ದೇನೆ. ಈ ಅಂಶಗಳನ್ನೆಲ್ಲ ಸೇರಿಸಿ ರಾಜ್ಯ ಪರಿಷತ್ತಿಗೂ ವಿಶ್ವವಿದ್ಯಾಲಯಕ್ಕೂ ಬರೆದ ಮನವಿಯ ಪ್ರತಿಗಳು ಹೊರಗಿನ ಮೇಜಿನ ಮೇಲಿವೆ. ವೈದ್ಯರಷ್ಟೇ ಅಲ್ಲ, ದನ ಸಾಕಿದವರೂ ಓದಿ. ಒಪ್ಪಿಗೆಯಾದರೆ ಸಹಿ ಮಾಡಿ, ತಿದ್ದಬೇಕೆನಿಸಿದ್ದನ್ನು ಅಂಚಿನಲ್ಲೇ ಬರೆಯಿರಿ. ತಿಂಗಳ ಕೊನೆಗೆ ಅದನ್ನು ಕಳಿಸುತ್ತೇವೆ.